ಗಾಳಿಯಲ್ಲಿ ಉಳಿದ ಕೈ

"ಯಜಮಾನ್ರೇ, ಈ ಹೆಂಗಸು ಕೈಯಲ್ಲಿ ಏನು ಹಿಡ್ಕೊಂಡಿದಾರೆ?" ಎಂದು ಆರೋಗ್ಯ ಇಲಾಖೆಯ ಹೊಸ ಆಫೀಸರ್ ಗೋಡೆಯ ಚಿತ್ರದತ್ತ ಬೆರಳು ತೋರಿಸಿ ಕೇಳಿದ.

ಪೇಂಟರ್ ತಲೆ ಕೆರೆದುಕೊಂಡ. ಹೆರಿಗೆ ಆಸ್ಪತ್ರೆಯ ಈ ಪಕ್ಕದ ಗೋಡೆಯ ಮೇಲೆ ಮೂವತ್ತೆಂಟು ವರ್ಷಗಳಿಂದ ಒಬ್ಬ ಗಂಡ, ಒಬ್ಬಳು ಹೆಂಡತಿ, ಐದು ವರ್ಷದ ಒಬ್ಬಳು ಹುಡುಗಿ ನಗುತ್ತಾ ನಿಂತಿದ್ದರು. ಹುಡುಗಿ ಅಪ್ಪನ ಕೈ ಹಿಡಿದಿದ್ದಳು. ತಾಯಿಯ ಎಡಗೈ ಮಾತ್ರ ಕೆಳಗೆ ಚಾಚಿಕೊಂಡು, ಬೆರಳು ಮಡಚಿಕೊಂಡು, ಏನನ್ನೋ ಹಿಡಿದ ಹಾಗಿತ್ತು. ಹಿಡಿದದ್ದು ಏನೂ ಇರಲಿಲ್ಲ, ಬರೀ ನೀಲಿ ಬಣ್ಣ. ಎದುರಿನ ನಿಲ್ದಾಣದಲ್ಲಿ ಬಸ್ಸಿಗೆ ಕಾಯುವವರು ಹೊತ್ತು ಹೋಗದಾಗ ಅದಕ್ಕೆ ತಮಗೆ ತೋಚಿದ ಅರ್ಥ ಹಚ್ಚುತ್ತಿದ್ದರು. ಕಳ್ಳ ಕಿತ್ತುಕೊಂಡು ಓಡಿದ ಚೀಲ ಎಂದು ಒಬ್ಬ ಹೇಳಿದರೆ, ತಪ್ಪಿಸಿಕೊಂಡ ನಾಯಿಯ ಹಗ್ಗ ಎಂದು ಇನ್ನೊಬ್ಬ ಹೇಳುತ್ತಿದ್ದ.

"ಏನೂ ಇಲ್ಲ ಸಾರ್. ಹಾಗೇ ಉಳ್ಕೊಂಡುಬಿಡ್ತು," ಎಂದ ಪೇಂಟರ್.

ಆಫೀಸರ್‌ಗೆ ಅದೇ ಅನುಕೂಲವಾಗಿ ಕಂಡಿತು. ಅವನು ಮೇಲಿನಿಂದ ಬಂದ ಕಾಗದ ಬಿಡಿಸಿ ಓದಿ ಹೇಳಿದ. ಹುಟ್ಟುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರಂತೆ. ಇದೇ ಆಸ್ಪತ್ರೆಯ ಎರಡು ವಾರ್ಡುಗಳಿಗೆ ಬೀಗ ಬಿದ್ದಿದೆ. ಹೀಗೇ ಹೋದರೆ ದುಡಿಯುವವರು ಸಿಗುವುದಿಲ್ಲ, ಮುದುಕರನ್ನು ನೋಡಿಕೊಳ್ಳುವವರು ಇರುವುದಿಲ್ಲ. ಆದ್ದರಿಂದ ಚಿತ್ರದ ಕೆಳಗಿನ 'ಒಂದೇ ಸಾಕು' ಎಂಬ ಬರಹ ಹೋಗಬೇಕು, ಅದರ ಜಾಗಕ್ಕೆ 'ಮಗುವಿಗೊಂದು ಜೊತೆ, ನಾಡಿಗೊಂದು ನಾಳೆ' ಬರಬೇಕು. ತಾಯಿಯ ಖಾಲಿ ಕೈಗೆ ಇನ್ನೊಂದು ಮಗು ಬರಬೇಕು. ಶುಕ್ರವಾರ ದೊಡ್ಡವರು ಬಂದು ನೋಡುತ್ತಾರೆ. ಅಷ್ಟರೊಳಗೆ ಆಗದಿದ್ದರೆ ಗೋಡೆಗೆ ಪೂರ್ತಿ ಸುಣ್ಣ ಹೊಡೆಸಿ ಫ್ಲೆಕ್ಸ್ ಕಟ್ಟಿಸುವುದು.

ಪೇಂಟರ್‌ಗೆ ಒಳಗೊಳಗೇ ನಗು ಬಂತು. ಇದೇ ಜಾಗದಲ್ಲಿ ನಿಂತು, ಇದೇ ದನಿಯಲ್ಲಿ, ಹಳೆಯ ಆಫೀಸರೊಬ್ಬ ಜನ ಹೀಗೇ ಹೆಚ್ಚಿದರೆ ನಿಲ್ಲಲು ಜಾಗ ಇರುವುದಿಲ್ಲ, ಕುಡಿಯಲು ನೀರಿರುವುದಿಲ್ಲ ಎಂದು ಹೇಳಿದ್ದ. ಅವನ ಕೈಯಲ್ಲೂ ಒಂದು ಕಾಗದವಿತ್ತು. ಇಬ್ಬರೂ ಸುಳ್ಳು ಹೇಳಿದರೆಂದು ಪೇಂಟರ್‌ಗೆ ಅನ್ನಿಸಲಿಲ್ಲ. ಆಗ ಆಸ್ಪತ್ರೆಯ ಕಾರಿಡಾರಿನಲ್ಲಿ ಒಂದೊಂದು ಮಂಚಕ್ಕೆ ಇಬ್ಬಿಬ್ಬರು ಬಾಣಂತಿಯರು ಮಲಗಿದ್ದನ್ನು ಅವನೇ ಕಣ್ಣಾರೆ ನೋಡಿದ್ದ.

"ಯೋಚನೆ ಮಾಡಿ ನಾಳೆ ಹೇಳ್ತೀನಿ ಸಾರ್."

"ಇದರಲ್ಲಿ ಯೋಚನೆ ಮಾಡೋದೇನಿದೆ? ಒಂದು ಮಗು ತಾನೇ?" ಎಂದು ಆಫೀಸರ್ ಬೈಕ್ ಹತ್ತಿದ.

ಒಂದು ಮಗು, ಅಷ್ಟೇ. ಆದರೆ ಗೋಡೆಯ ಮೇಲಿದ್ದ ಆ ಹೆಂಗಸು ಪೇಂಟರನ ಹೆಂಡತಿ. ಅವಳು ಹೋಗಿ ಆರು ವರ್ಷವಾಗಿತ್ತು. ಕ್ಯಾಮೆರಾ ಕಂಡರೆ ಮುಖ ತಿರುಗಿಸುವ ಜಾತಿ ಅವಳದು. ಮನೆಯಲ್ಲಿ ಉಳಿದಿದ್ದ ಅವಳ ಫೋಟೋ ಎಂದರೆ ಗುರುತಿನ ಚೀಟಿಯ ಮೇಲಿನದೊಂದೇ. ಹೆಬ್ಬೆರಳಿನಷ್ಟು ಅಗಲ, ಅದರಲ್ಲೂ ಪೊಲೀಸರು ಹಿಡಿದವರ ಹಾಗೆ ಗಾಬರಿಯ ಮುಖ. ಅವಳು ಅವಳಾಗಿ ಇದ್ದದ್ದು ಈ ಗೋಡೆಯ ಮೇಲೆ. ವಾರಕ್ಕೊಮ್ಮೆ ಬೆಳಿಗ್ಗೆ ಬಂದು, ಧೂಳು ಒರೆಸುವ ನೆಪದಲ್ಲಿ ಏಣಿ ಹತ್ತಿ, ಅವಳ ಮುಖಕ್ಕೆ ಸರಿಯಾಗಿ ಮುಖ ಕೊಟ್ಟು ನಿಂತು ಹೋಗುವುದು ಅವನ ರೂಢಿಯಾಗಿತ್ತು. ಸುಣ್ಣ ಹೊಡೆದರೆ ಅದೂ ಹೋಯಿತು.

ಹಾಗಾದರೆ ಮಗು ಬರೆದು ಗೋಡೆ ಉಳಿಸಿಕೊಳ್ಳಬಹುದಲ್ಲ ಎಂದರೆ, ಆ ಜಾಗದಲ್ಲಿ ಮಗು ಮೊದಲೇ ಇತ್ತು. ಅದನ್ನು ಅಳಿಸಿದವನು ಅವನೇ.

ಮೊದಲು ಬಂದ ಆದೇಶ 'ಎರಡು ಸಾಕು' ಎಂದಿತ್ತು. ಮಾದರಿಗೆ ಯಾರನ್ನೂ ಹುಡುಕಲು ಹೋಗದೆ ಅವನು ಅಡುಗೆಮನೆಯಲ್ಲಿ ಹೆಂಡತಿಯನ್ನೂ ಪಕ್ಕದಲ್ಲಿ ಮಗಳನ್ನೂ ನಿಲ್ಲಿಸಿದ್ದ, ಗಂಡನಿಗೆ ತನ್ನದೇ ಮುಖ ಬರೆದಿದ್ದ. ಎರಡನೆಯದನ್ನು ಮನಸ್ಸಿನಿಂದಲೇ ಬರೆದ. ಎರಡು ವರ್ಷದ ಮಗು, ನೆತ್ತಿಯಲ್ಲಿ ಎದ್ದು ನಿಂತ ಒಂದು ಕುಚ್ಚು ಕೂದಲು. "ಇದು ಯಾರ ಮಗೂರೀ?" ಎಂದು ಹೆಂಡತಿ ಕೇಳಿದ್ದಳು. ನಮ್ಮದೇ, ಇನ್ನೂ ಬಂದಿಲ್ಲ ಅಷ್ಟೆ ಎಂದು ಅವನು ಹೇಳಿದಾಗ ಅವಳು ನಾಚಿ ಒಳಗೆ ಹೋಗಿದ್ದಳು. ಬಣ್ಣ ಒಣಗಿ ವರ್ಷ ತುಂಬುವುದರೊಳಗೆ ಎರಡೂ ಹೆಚ್ಚಾಯಿತೆಂದು ಇನ್ನೊಂದು ಕಾಗದ ಬಂತು. ಅವನು ಒಂದೇ ಬೆಳಗ್ಗೆ ಮಗುವಿನ ಮೇಲೆ ಎರಡು ಕೋಟು ನೀಲಿ ಎಳೆದ. ಅವಸರದಲ್ಲಿ ಉಪ್ಪು ಕಾಗದ ಹಾಕಿ ಹಳೆಯ ಬಣ್ಣ ಉಜ್ಜಲಿಲ್ಲ. ತಾಯಿಯ ಕೈ ಬದಲಾಯಿಸಲು ಪುರುಸೊತ್ತಾಗಲಿಲ್ಲ.

ನಾಲ್ಕು ತಿಂಗಳ ಮೇಲೆ ಹೆಂಡತಿ ಬಸುರಿಯಾದಳು. ಅಷ್ಟರಲ್ಲಿ ಊರಿಗೆಲ್ಲ ಅವರ ಮುಖ ಪರಿಚಯವಾಗಿತ್ತು. ಮಾರುಕಟ್ಟೆಗೆ ಹೋದರೆ 'ಗೋಡೆಯವರು ಬಂದ್ರು' ಎಂದು ಜನ ದಾರಿ ಬಿಡುತ್ತಿದ್ದರು. ಗೋಡೆಯವರೇ ಎರಡನೆಯದನ್ನು ಹೆತ್ತರೆ ನಗೆಪಾಟಲಾಗುತ್ತದೆ, ಇಲಾಖೆಯವರು ಕೆಲಸ ಬೇರೆಯವರಿಗೆ ಕೊಡುತ್ತಾರೆ ಎಂದು ಅವನು ಬೇಡವೆಂದ. ಊರಿಗೆ ಹೇಳುವುದು ಬೇರೆ, ಮನೆ ಬೇರೆ ಅಲ್ಲವೇ ಎಂದು ಅವಳು ಎರಡು ದಿನ ಕೇಳಿದಳು. ಮೂರನೆಯ ದಿನ ಕೇಳಲಿಲ್ಲ. ಇದೇ ಆಸ್ಪತ್ರೆಯ ಪಕ್ಕದ ಬಾಗಿಲಿನಿಂದ ಒಳಗೆ ಹೋಗಿ ಮಧ್ಯಾಹ್ನ ಹೊರಗೆ ಬಂದಳು. ನಿಲ್ದಾಣದ ಬೆಂಚಿನ ಮೇಲೆ ಕೂತು ಗೋಡೆ ನೋಡಿದಳು.

"ರೀ, ನನ್ನ ಕೈ ಒಂದು ಸರಿ ಮಾಡಿ. ಅದನ್ನ ಹಾಗೆ ಬಿಡಬೇಡಿ," ಎಂದಳು.

ನಾಳೆ ಮಾಡುತ್ತೇನೆಂದ. ಮಾಡಲಿಲ್ಲ. ಐದೈದು ವರ್ಷಕ್ಕೆ ಗೋಡೆಗೆ ಹೊಸ ಬಣ್ಣ ಕೊಡುವಾಗಲೆಲ್ಲ ಕೈಯನ್ನು ಇದ್ದ ಹಾಗೇ ತೀಡಿ ಇಳಿಯುತ್ತಿದ್ದ. ಅದನ್ನು ಮಡಚಿ ಸೆರಗಿನ ಮೇಲಿಟ್ಟರೆ ಅಲ್ಲಿಗೆ ಎಲ್ಲ ಮುಗಿಯಿತೆಂದು ತಾನೇ ಬರೆದುಕೊಟ್ಟ ಹಾಗಾಗುತ್ತಿತ್ತು. ಅವಳು ಮತ್ತೆ ಕೇಳಲಿಲ್ಲ. ಜಗಳವನ್ನೂ ಆಡಲಿಲ್ಲ. ಆಸ್ಪತ್ರೆಯ ಹಿಂದಿನ ಬೀದಿಯ ಹೊಲಿಗೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು, ನಾಲ್ಕೂವರೆಗೆ ಬಿಟ್ಟರೆ ಮನೆಗೆ ಬರುವುದು ಆರಾಗುತ್ತಿತ್ತು. ಕೇಳಿದರೆ ಬಸ್ ಲೇಟು ಎನ್ನುತ್ತಿದ್ದಳು. ಅವನು ಬಸ್ಸಿನವರನ್ನು ಇಪ್ಪತ್ತು ವರ್ಷ ಬೈದ.

ಆಫೀಸರ್ ಹೋದ ಮೇಲೆ ಪೇಂಟರ್ ಕಾಲೆಳೆದುಕೊಂಡು ರಸ್ತೆ ದಾಟಿ ನಿಲ್ದಾಣದ ಬೆಂಚಿನ ಮೇಲೆ ಕೂತ. ಪಕ್ಕದ ಟೀ ಅಂಗಡಿಯವಳು ಕೇಳದೆಯೇ ಒಂದು ಲೋಟ ತಂದಿಟ್ಟಳು. ಅವನನ್ನು ಅಣ್ಣ ಎನ್ನುತ್ತಿದ್ದ ಅವಳಿಗೆ ಅವನ ಹೆಂಡತಿ ಅತ್ತಿಗೆಯಾಗಿದ್ದಳು. ಸುದ್ದಿ ಅವಳ ಕಿವಿಗೆ ಆಗಲೇ ಬಿದ್ದಿತ್ತು. ಅಂಗಡಿಯ ಮುಂದೆ ಇಬ್ಬರು ಗಿರಾಕಿಗಳು ಅದನ್ನೇ ಹಿಡಿದು ಜಗ್ಗಾಡುತ್ತಿದ್ದರು. ಬಸ್ಸಿನಲ್ಲಿ ಒಂಟಿ ಕಾಲಿಡಲು ಜಾಗವಿಲ್ಲ, ಇನ್ನೂ ಹೆರಿ ಎಂದರೆ ಎಲ್ಲಿ ತುಂಬುವುದು ಎಂದು ಒಬ್ಬನ ವಾದ. ತನ್ನ ಬೀದಿಯ ಶಾಲೆ ಗೋದಾಮಾಗಿದೆ, ಇಡೀ ಬೀದಿಯಲ್ಲಿ ಚೆಂಡಿನ ಸದ್ದಿಲ್ಲ ಎಂದು ಇನ್ನೊಬ್ಬನದು.

"ಆ ಆಫೀಸರ್‌ಗೆ ಇನ್ನೂ ಮದುವೇನೇ ಆಗಿಲ್ಲ, ಊರಿಗೆಲ್ಲ ಹೆರೋಕೆ ಹೇಳ್ತಾನೆ," ಎಂದು ಟೀ ಅಂಗಡಿಯವಳು ನಕ್ಕಳು. "ನನಗೆ ಐದು ಮಕ್ಕಳಣ್ಣ. ಆದ್ರೂ ಬೆಳಿಗ್ಗೆ ಈ ಶಟರ್ ಎತ್ತೋಳು ನಾನೇ."

ಬಸ್ ಬಂತು, ಗಿರಾಕಿಗಳಿಬ್ಬರೂ ವಾದ ಮಾಡುತ್ತಲೇ ಹತ್ತಿಕೊಂಡರು. ಬಸ್ ಮುಂದೆ ಸರಿದಾಗ ಬಿಸಿಲು ನೇರ ಗೋಡೆಗೆ ಬಿದ್ದಿತ್ತು. ಮಧ್ಯಾಹ್ನದ ಮೇಲಷ್ಟೇ ಬಿಸಿಲು ಬೀಳುವ ಗೋಡೆ ಅದು. ಬಿಸಿಲಿಗೆ ಎನಾಮಲ್ ಗುಳ್ಳೆ ಏಳುತ್ತದೆಂದು ಪೇಂಟರ್ ಅಲ್ಲಿ ಬೆಳಗಿನ ನೆರಳಿನಲ್ಲಿ ಮಾತ್ರ ಕೆಲಸ ಮಾಡಿದವನು, ಹನ್ನೆರಡಕ್ಕೆ ಏಣಿ ಮಡಚಿ ಮನೆಗೆ ಹೋಗುವವನು. ಸಂಜೆಯ ಈ ಹೊತ್ತಿನಲ್ಲಿ ಈ ಬೆಂಚಿನ ಮೇಲೆ ಅವನು ಒಂದು ದಿನವೂ ಕೂತವನಲ್ಲ.

ಸೂರ್ಯ ಇಳಿದ ಹಾಗೆ ಬಿಸಿಲು ಓರೆಯಾಗಿ, ಗೋಡೆಯನ್ನು ಸವರಿಕೊಂಡು ಹೋಗತೊಡಗಿತು. ಖಾಲಿ ನೀಲಿಯಲ್ಲಿ ಒಂದು ಗೆರೆ ಎದ್ದಿತು. ಆಮೇಲೆ ಇನ್ನೊಂದು. ಉಜ್ಜದೇ ಬಿಟ್ಟ ಹಳೆಯ ಬಣ್ಣದ ಅಂಚು ಅದು, ಎಷ್ಟು ಕೋಟು ಎಳೆದರೂ ಅಡಗದೆ ಉಳಿದಿತ್ತು. ಪುಟ್ಟ ಭುಜ, ಮೇಲಕ್ಕೆ ಚಾಚಿದ ತೋಳು, ದುಂಡಗಿನ ತಲೆ, ನೆತ್ತಿಯ ಮೇಲೆ ಕುಚ್ಚು. ಮಗು ತಾಯಿಯ ಕೈ ಹಿಡಿದುಕೊಂಡೇ ನಿಂತಿತ್ತು.

ಪೇಂಟರ್ ಲೋಟ ಕೆಳಗಿಟ್ಟ.

"ನಿಮಗೆ ಗೊತ್ತಿರಲಿಲ್ವಾ?" ಎಂದು ಟೀ ಅಂಗಡಿಯವಳು ಮೆಲ್ಲಗೆ ಕೇಳಿದಳು. "ಅತ್ತಿಗೆ ಇಲ್ಲೇ ಕೂರೋರು. ಮೊದಲನೇ ಬಸ್ ಯಾವತ್ತೂ ಹತ್ತಿದವರಲ್ಲ. ಬಸ್ ಬಂತು ಅತ್ತಿಗೆ ಅಂದ್ರೆ, ಮುಂದಿನದಕ್ಕೆ ಹೋಗ್ತೀನಿ ಬಿಡಮ್ಮ ಅನ್ನೋರು. ಬಿಸಿಲು ಹೋದ ಮೇಲೆ ಏಳೋರು. ನಿಮಗೆ ಹೇಳಿರ್ತಾರೆ ಅಂದ್ಕೊಂಡಿದ್ದೆ."

ಅವಳು ಹೇಳಿರಲಿಲ್ಲ. ಇಪ್ಪತ್ತು ವರ್ಷ ಒಂದೇ ತಟ್ಟೆಯ ಎದುರು ಕೂತು, ಒಂದೇ ದೀಪ ಆರಿಸಿ ಮಲಗಿ, ಹೇಳಿರಲಿಲ್ಲ. ಹೇಳಿದ್ದರೆ ಅವನು ಮಾರನೆಯ ಬೆಳಿಗ್ಗೆಯೇ ಉಪ್ಪು ಕಾಗದ ಹಿಡಿದು ಬಂದು ಗೋಡೆ ನುಣ್ಣಗೆ ಮಾಡಿಬಿಡುತ್ತಿದ್ದ. ಕೆಲಸದಲ್ಲಿ ಅಚ್ಚುಕಟ್ಟು ಎಂದು ಹೆಸರು ಪಡೆದವನಲ್ಲವೇ. ಅದು ಅವಳಿಗೆ ಗೊತ್ತಿತ್ತು. ಅವನು ಬಹಳ ಹೊತ್ತು ತಲೆ ತಗ್ಗಿಸಿ ಕೂತ. ತಲೆ ಎತ್ತಿದಾಗ ಗೆರೆಗಳು ಮಾಸಿ ಗೋಡೆ ಮತ್ತೆ ಬರೀ ನೀಲಿಯಾಗಿತ್ತು.

ಮಾರನೆಯ ದಿನ ಅವನು ಆಫೀಸರ್‌ಗೆ ಫೋನ್ ಮಾಡಿ ಒಪ್ಪಿಕೊಂಡ. ಬೆಳಿಗ್ಗೆ ಹೋಗಲಿಲ್ಲ. ನಾಲ್ಕು ಗಂಟೆಗೆ ಏಣಿ ಹೊತ್ತುಕೊಂಡು ಹೋಗಿ, ಬಿಸಿಲು ಓರೆಯಾಗುವುದನ್ನು ಕಾಯುತ್ತಾ ಸೀಮೆಸುಣ್ಣ ಹಿಡಿದು ನಿಂತ. ಗೆರೆ ಎದ್ದ ಹಾಗೆಲ್ಲ ಅದರ ಮೇಲೆ ಸೀಮೆಸುಣ್ಣದ ಗೀಟು ಎಳೆದ. ಬೆನ್ನಿಗೆ ಬಿಸಿಲು ಚುರುಗುಟ್ಟುತ್ತಿತ್ತು, ತನ್ನ ನೆರಳೇ ಅಡ್ಡ ಬಂದು ಪಕ್ಕಕ್ಕೆ ವಾಲಬೇಕಾಗುತ್ತಿತ್ತು. ಮುಕ್ಕಾಲು ಗಂಟೆಯಲ್ಲಿ ಕುಚ್ಚಿನಿಂದ ಹಿಡಿದು ಕಾಲಿನ ಹೆಬ್ಬೆರಳಿನವರೆಗೆ ಮಗು ಪೂರ್ತಿ ಸಿಕ್ಕಿತು. ಆಮೇಲಿನ ಎರಡು ದಿನ ಬೆಳಗಿನ ನೆರಳಿನಲ್ಲಿ ಬಣ್ಣ ತುಂಬಿ, ಕೆಳಗಿನ ಬರಹವನ್ನೂ ಬದಲಿಸಿದ.

ಮುಖ ಮಾತ್ರ ಉಳಿಯಿತು. ಆಫೀಸರ್ ಕಳಿಸಿದ ಫೋಟೋದಲ್ಲಿ ಗುಂಡು ಗುಂಡಾದ ಒಂದು ಮಗು ಹಲ್ಲು ಕಿರಿಯುತ್ತಿತ್ತು, ಯಾವುದೋ ಬಿಸ್ಕತ್ತಿನ ಪೊಟ್ಟಣದ ಮೇಲಿರುವಂಥದು. ಪೇಂಟರ್‌ಗೆ ಅದನ್ನು ಬರೆಯಲು ಮನಸ್ಸು ಬರಲಿಲ್ಲ. ಏಣಿಯ ಕೆಳಗೆ ಕೂತು ಮಗಳಿಗೆ ಫೋನ್ ಮಾಡಿದ. ಅವಳು ಬೇರೆ ಊರಿನಲ್ಲಿ ಗಂಡನ ಜೊತೆ ಇದ್ದಳು. ಮಕ್ಕಳು ಬೇಡವೆಂದು ಇಬ್ಬರೂ ತೀರ್ಮಾನಿಸಿದ್ದರು. ಹೊಸ ಬರಹದ ವಿಷಯ ಕೇಳಿ ಅವಳು ನಕ್ಕು, ತನಗೆ ನಲವತ್ತಮೂರಾಯಿತು, ಅಪ್ಪನ ಗೋಡೆ ಸ್ವಲ್ಪ ತಡವಾಯಿತು ಎಂದಳು. ಅವನು ಅವಳ ಚಿಕ್ಕಂದಿನ ಫೋಟೋ ಯಾವುದಾದರೂ ಇದೆಯೇ ಎಂದು ಕೇಳಿದ. ಕಾರಣವನ್ನೂ ಹೇಳಿದ.

"ನಾನು ಆಗಲೇ ಅಲ್ಲಿದ್ದೀನಲ್ಲಪ್ಪ," ಎಂದಳು ಮಗಳು. "ಅದಕ್ಕೆ ಅದರದೇ ಮುಖ ಬರೀರಿ. ಅಮ್ಮ ಎಲ್ಲಾ ಹೇಳಿದ್ಳು ನನಗೆ. ಅಮ್ಮನಿಗೆ ಜ್ವರ ಬಂದು ಆಸ್ಪತ್ರೆಯಲ್ಲಿದ್ದಾಗ, ಒಬ್ಬಳೇ ಅಲ್ಲಿ ಕೂತು, ಆ ಇನ್ನೊಂದು ಇದ್ದಿದ್ರೆ ಇವತ್ತು ರಾತ್ರಿ ಅದು ಕೂರ್ತಿತ್ತಲ್ಲ ಅಂತ ಎಷ್ಟು ಸಲ ಅಂದ್ಕೊಂಡಿದೀನಿ. ಅದು ಯಾರ ಹಾಗಿದೆ ಅಂತ ನಿಮಗೇ ಗೊತ್ತು."

ಅವನು ಫೋನಿಟ್ಟು ಮೇಲೆ ಹತ್ತಿದ. ಎಂದೋ ಮನಸ್ಸಿನಿಂದ ಬರೆದ ಮುಖ ನೆನಪಿದೆಯೋ ಇಲ್ಲವೋ ಎಂಬ ಅಳುಕಿತ್ತು. ಸಣ್ಣ ಬ್ರಷ್ ಮುಟ್ಟಿದಾಗ ಕೈಗೆ ನೆನಪಿತ್ತು.

ಶುಕ್ರವಾರ ದೊಡ್ಡವರು ಬಂದರು, ಕಾರಿನಿಂದ ಇಳಿದು ಗೋಡೆ ನೋಡಿ ಚೆನ್ನಾಗಿದೆ ಎಂದು ತಲೆಯಾಡಿಸಿ ಹೋದರು. ಆಫೀಸರ್‌ಗೆ ಉಸಿರು ಬಂದಂತಾಯಿತು. ಮೊಬೈಲಿನಲ್ಲಿ ಫೋಟೋ ತೆಗೆಯುವಾಗ ಮಾತ್ರ ಅವನು ಹುಬ್ಬು ಗಂಟಿಕ್ಕಿದ.

"ನಾನು ಕಳಿಸಿದ ಮಗು ಅಲ್ವಲ್ಲ ಇದು. ಯಾರ ಮಗು ಯಜಮಾನ್ರೇ?"

"ನಮ್ಮದೇ ಸಾರ್," ಎಂದ ಪೇಂಟರ್.

ಅವರೆಲ್ಲ ಹೋದ ಮೇಲೆ ಅವನು ಬ್ರಷ್ ತೊಳೆದು, ಡಬ್ಬಿಗಳ ಮುಚ್ಚಳ ಬಿಗಿಮಾಡಿ, ರಸ್ತೆ ದಾಟಿ ಬೆಂಚಿನ ಮೇಲೆ ಕೂತ. ನಿಲ್ದಾಣದಲ್ಲಿ ಬೇರೆ ಯಾರೂ ಇರಲಿಲ್ಲ. ಟೀ ಅಂಗಡಿಯವಳು ಒಳಗೆ ಪಾತ್ರೆ ಉಜ್ಜುತ್ತಿದ್ದಳು. ಬಿಸಿಲು ಗೋಡೆಯ ಮೇಲೆ ಬಂದಿತ್ತು, ಹೊಸ ಬಣ್ಣ ಹೊಳೆಯುತ್ತಿತ್ತು. ಬಸ್ ಬಂದು ನಿಂತಿತು. ಕಂಡಕ್ಟರ್ ಬಾಗಿಲಿನಿಂದ ಬಗ್ಗಿ, ಬರ್ತೀರಾ ಎಂದು ಕೇಳಿದ.

"ಮುಂದಿನದಕ್ಕೆ ಬರ್ತೀನಿ," ಎಂದು ಪೇಂಟರ್ ಹೇಳಿದ. ಬಸ್ ಹೋಯಿತು. ಅವನು ಬೆಂಚಿನ ತುದಿಗೆ ಸರಿದು, ಪಕ್ಕದಲ್ಲಿ ಇಬ್ಬರು ಕೂರುವಷ್ಟು ಜಾಗ ಬಿಟ್ಟು, ಗೋಡೆಯ ಕಡೆ ಮುಖ ಮಾಡಿ ಕೂತ.