ಅಧ್ಯಕ್ಷರಿಗೆ ಓದಿ ಹೇಳಿದ ಕಾದಂಬರಿ

ಅಂದೋಲಾದ ಶಿವಕಾಂತಾ ಆಳಂದದ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದರು. ಊರಿಗೆಲ್ಲ ಅವರು ಅಕ್ಕೋರು. ನಾಟಕವೆಂದರೆ ಪರದೆ, ಹಾರ್ಮೋನಿಯಂ, ಝಗಮಗಿಸುವ ಕಿರೀಟ ಎಂದು ನಂಬಿದ್ದ ಮಂದಿಯ ಎದುರು ಎಂಬತ್ತರ ದಶಕದಲ್ಲಿ ಅವರು ಬರೀ ಒಂದು ಖಾಲಿ ಕುರ್ಚಿ ಇಟ್ಟು ನಾಟಕ ಆಡಿಸಿದರು. ಕುರ್ಚಿಯಲ್ಲಿ ಸಾಹೇಬರು ಇದ್ದಾರೆಂದು ತಿಳಿದು ಊರವರು ಬಂದು ಅಹವಾಲು ಹೇಳುವುದೇ ಕಥೆ. ಮುಖ್ಯ ಪಾತ್ರ ಟೇಲರ್ ಮಲಂಗಸಾಬರದು. ತಾಲೀಮು ನಡೆಯುತ್ತಿದ್ದುದೂ ಅವರ ಅಂಗಡಿಯಲ್ಲೇ.

ಮೊದಲ ಪ್ರದರ್ಶನಕ್ಕೆ ಬಂದವರು ಅರ್ಧಕ್ಕೇ ಎದ್ದುಹೋದರು. ಅಫಜಲಪುರದಲ್ಲಿ ಮಾತ್ರ ಬೇರೆಯೇ ಆಯಿತು. ನೋಡುತ್ತ ಕೂತಿದ್ದ ಮುದುಕಿಯೊಬ್ಬಳು ಎದ್ದು ಬಂದು, ಕುರ್ಚಿಗೆ ಕೈಮುಗಿದು, ತನ್ನ ಓಣಿಗೆ ನೀರು ಬರುತ್ತಿಲ್ಲವೆಂದು ಹೇಳಿಕೊಂಡಳು. ಮಲಂಗಸಾಬರು ತಮ್ಮ ಮಾತು ಬಿಟ್ಟು ಅವಳ ಪಕ್ಕ ನಿಂತು, "ಸಾಹೇಬ್ರ, ಈಕಿದು ಮೊದಲ ಕೇಳ್ರಿ" ಎಂದರು. ಆಮೇಲೆ ಹೋದ ಊರಿನಲ್ಲೆಲ್ಲ ಒಬ್ಬರಲ್ಲ ಒಬ್ಬರು ಎದ್ದು ಬರತೊಡಗಿದರು.

ಆ ಅಹವಾಲುಗಳಿಂದಲೇ ಅಕ್ಕೋರ ಕಾದಂಬರಿ ಹುಟ್ಟಿತು. ಇಲ್ಲದ ಊರೊಂದರ ಪಂಚಾಯಿತಿ ಅಧ್ಯಕ್ಷ, ಬಾರದ ಮಂತ್ರಿಗಾಗಿ ದಿನವೂ ಸ್ವಾಗತ ಕಮಾನು ಕಟ್ಟಿಸುವ ಕಥೆ. ಓದಿದವರೆಲ್ಲ ಇವನು ಜೇವರ್ಗಿ ಕಡೆಯ ಅಧ್ಯಕ್ಷ ಚಂದ್ರಾಮಪ್ಪನೇ ಎಂದರು. ಸುದ್ದಿ ಮುಟ್ಟಿ ಚಂದ್ರಾಮಪ್ಪ ಜೀಪಿನಲ್ಲಿ ಆಳಂದಕ್ಕೇ ಬಂದುಬಿಟ್ಟರು. ಅಕ್ಕೋರು ಚಹಾ ಕೊಟ್ಟು, ಪುಸ್ತಕ ಓದಿದಿರಾ ಎಂದು ಕೇಳಿದರು. ಕಣ್ಣು ಮಂಜಾಗಿದೆ, ಓದಲಾಗದು ಎಂದರು ಅವರು. ಹಾಗಾದರೆ ಕೇಳಿರಿ ಎಂದು ಅಕ್ಕೋರು ಓದತೊಡಗಿದರು. ಬಿಗಿದಿದ್ದ ಮುಖ ಬರಬರುತ್ತ ಸಡಿಲವಾಯಿತು. ಕಮಾನು ಮುರಿದು ಅಧ್ಯಕ್ಷನ ತಲೆಯ ಮೇಲೆಯೇ ಬಿದ್ದಾಗ ಚಂದ್ರಾಮಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊರಡುವಾಗ, "ಇವ ನಾ ಅಲ್ರಿ ಅಕ್ಕೋರೆ, ನಮ್ಮ ಬೀಗ ಅದಾನ. ಅವಂಗೂ ಒಂದ್ ಪುಸ್ತಕ ಕಳಸ್ರಿ" ಎಂದರು.

ತಂಡ ಕ್ರಮೇಣ ಚದುರಿತು. ಯಾರಿಗೋ ವರ್ಗ, ಯಾರಿಗೋ ಮದುವೆ. ಅಕ್ಕೋರು ಇನ್ನೂ ಕೆಲವು ಕಾದಂಬರಿ ಬರೆದು, ನಿವೃತ್ತರಾಗಿ ಅಂದೋಲಾಕ್ಕೆ ಮರಳಿದರು. ಪ್ರಶಸ್ತಿಗಳೂ ಬಂದವು. ಆದರೆ ಬರೆದ ಹಾಳೆಯ ಶಾಯಿ ಒಣಗುವ ಮೊದಲೇ ಮಲಂಗಸಾಬರ ಅಂಗಡಿಗೆ ಒಯ್ದು, ಹೊಲಿಗೆ ಯಂತ್ರದ ಸದ್ದಿನ ನಡುವೆ ಕೂಗಿ ಓದುತ್ತಿದ್ದ ಆ ಮಧ್ಯಾಹ್ನಗಳು ಮತ್ತೆ ಬರಲಿಲ್ಲ.

ಈ ವರ್ಷ ಅಫಜಲಪುರದ ಉಪನ್ಯಾಸಕಿ ಶಾಹೀನ ಆ ಕಮಾನಿನ ಕಾದಂಬರಿಯನ್ನು ವಿದ್ಯಾರ್ಥಿಗಳಿಂದ ನಾಟಕವಾಗಿ ಆಡಿಸಿದರು. ಮುಗಿದ ಮೇಲೆ ಎರಡು ಮಾತಾಡಿರೆಂದಾಗ ಅಕ್ಕೋರು ಹಳೆಯ ತಂಡದವರ ಹೆಸರುಗಳನ್ನಷ್ಟೇ ಹೇಳಿ ಕೆಳಗಿಳಿದರು. ಮರುದಿನ ಬಸ್ಸು ಹಿಡಿದು ಆಳಂದಕ್ಕೆ ಹೋದರು.

ಮಲಂಗಸಾಬರು ಮೊಣಕಾಲು ನೋವಿನಿಂದ ಮನೆ ಹಿಡಿದಿದ್ದರು. ಮಗಳು ನಜಮುನ್ನಿಸಾ ಪಕ್ಕದಲ್ಲೇ ರವಿಕೆ ಹೊಲಿಯುತ್ತಿದ್ದಳು. ನಾಟಕದ ಸುದ್ದಿ ಕೇಳುತ್ತಲೇ ಮಲಂಗಸಾಬರು ಮುಂದಕ್ಕೆ ಬಾಗಿದರು.

"ಮಂದಿ ನಕ್ರೇನ್ರಿ?"

"ನಕ್ರು, ಮಲಂಗಣ್ಣ."

"ಎಲ್ಲೆಲ್ಲಿ ನಕ್ರು, ಹೇಳ್ರಿ."

ಅಕ್ಕೋರು ಒಂದೊಂದೇ ದೃಶ್ಯ ಹೇಳುತ್ತ ಹೋದರು. ಮಂತ್ರಿಯೇ ಬಂದನೆಂದು ಅಧ್ಯಕ್ಷ ಪೋಸ್ಟ್‌ಮನ್‌ಗೆ ಹಾರ ಹಾಕುವ ಜಾಗ ಬಂದಾಗ ಮಲಂಗಸಾಬರಿಗೆ ತಡೆಯಲಾಗಲಿಲ್ಲ. ಗೋಡೆ ಹಿಡಿದು ಎದ್ದು, ಅಳತೆ ಟೇಪು ಕೈಗೆತ್ತಿಕೊಂಡು ಮಗಳನ್ನು ಕರೆದರು.

"ಬಾ ಬೇ, ಇಲ್ಲಿ ನಿಂದ್ರು. ನೀ ಪೋಸ್ಟ್‌ಮನ್."