ಹೇಳದೆ ತಿಂದ ದೋಸೆ

ವಕ್ಕಲೇರಿಯ ವೇಣು ಸೈಕಲ್ ತುಳಿಯಲು ಶುರುಮಾಡಿದ್ದು ಹೊಟ್ಟೆ ಕರಗಿಸುವುದಕ್ಕೆ. ಆದರೆ ಒಂದೆರಡು ವರ್ಷದಲ್ಲಿ ಅದು ಊಟದ ನೆಪವಾಗಿಬಿಟ್ಟಿತು. ಮಾಲೂರಿನ ಕಾರ್ಖಾನೆಯೊಂದರಲ್ಲಿ ಅವನು ಮೆಷಿನ್ ಆಪರೇಟರ್. ಯಾವ ಶಿಫ್ಟ್ ಇದ್ದರೂ ಕಂಪನಿ ಬಸ್ಸು ಹತ್ತುತ್ತಿರಲಿಲ್ಲ, ಸೈಕಲ್ಲಿನಲ್ಲೇ ಹೋಗಿ ಬರುತ್ತಿದ್ದ. ಭಾನುವಾರ ಬಂತೆಂದರೆ ಕೋಲಾರದ ಮುರಳಿಮೋಹನನ ಜೊತೆ ದೂರದ ಸವಾರಿ. ಮುರಳಿಮೋಹನ್ ಬ್ಯಾಂಕಿನಲ್ಲಿ ಕ್ಯಾಷಿಯರ್. ಬೆನ್ನಿನ ಜೇಬಿನಲ್ಲಿ ಖರ್ಜೂರ ತುಂಬಿಕೊಂಡು, ಎಲ್ಲೂ ಇಳಿಯದೆ, ಕೈಗಡಿಯಾರ ನೋಡುತ್ತ ತುಳಿಯುವವನು. ವೇಣುವಿಗೆ ದಾರಿ ಎಂದರೆ ತಿಂಡಿಯ ದಾರಿ. ನರಸಾಪುರದ ಕಡೆ ಹೋದರೆ ಯಾರ ಇಡ್ಲಿ ಮೆತ್ತಗಿರುತ್ತದೆ, ಶ್ರೀನಿವಾಸಪುರದಲ್ಲಿ ಯಾರ ಬಾಣಲೆಯಿಂದ ವಡೆ ಬಿಸಿಬಿಸಿ ಏಳುತ್ತದೆ, ಮುಳಬಾಗಿಲಿನಲ್ಲಿ ಯಾವ ದೋಸೆ ಕಾವಲಿಯ ಮುಂದೆ ಕಾದು ನಿಂತರೂ ಬೇಜಾರಾಗುವುದಿಲ್ಲ, ಎಲ್ಲ ಅವನಿಗೆ ಬಾಯಿಪಾಠ.

"ಲೇ, ನೀನು ಸೈಕಲ್ ತುಳಿಯೋಕೆ ಬರ್ತೀಯೋ, ಹೊಟ್ಟೆ ಹೊರೆಯೋಕೆ ಬರ್ತೀಯೋ?" ಎಂದು ಮುರಳಿಮೋಹನ್ ರೇಗುತ್ತಿದ್ದ.

"ಎರಡಕ್ಕೂ ಕಣೋ," ಎನ್ನುತ್ತಿದ್ದ ವೇಣು, ಬೆರಳು ನೆಕ್ಕುತ್ತ.

ತಿನ್ನುವುದಕ್ಕಿಂತ ದೊಡ್ಡ ಸುಖ ಮನೆಗೆ ಬಂದು ಅದನ್ನು ಹೆಂಡತಿಗೆ ಹೇಳುವುದರಲ್ಲಿತ್ತು. ಮುನಿಲಕ್ಷ್ಮಿ ಗೌನಿಪಲ್ಲಿಯ ಮಾವಿನ ತೋಟದವರ ಮಗಳು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡಿ ಬೆಳೆದವಳು. ಪಕ್ಕದ ಮನೆಯಲ್ಲಿ ಒಗ್ಗರಣೆ ಬಿದ್ದರೆ ಇಲ್ಲಿಂದಲೇ ಸಾಸಿವೆ ಸೀದಿದೆಯೋ ಇಲ್ಲವೋ ಹೇಳುವಳು. ವೇಣು ಬೆವರಿನ ಅಂಗಿಯಲ್ಲೇ ಜಗಲಿಯ ಮೇಲೆ ಕೂರುವನು; ಅವಳು ಮಜ್ಜಿಗೆಯ ಲೋಟ ಕೊಟ್ಟು ಎದುರಿಗೆ ಕೂರುವಳು.

"ಚಟ್ನಿ ಹೆಂಗಿತ್ತು?"

"ಕೆಂಪಗೆ. ಖಾರ."

"ಖಾರ ನಾಲಿಗೆಗೆ ಹತ್ತಿತಾ, ಗಂಟಲಿಗೆ ಹತ್ತಿತಾ?"

ವೇಣು ಯೋಚಿಸುವನು. "ಗಂಟಲಿಗೆ. ನುಂಗಿದ ಮೇಲೆ."

"ಹಂಗಾದ್ರೆ ಬೆಳ್ಳುಳ್ಳಿ ಹಸೀದೇ ಹಾಕವ್ರೆ. ಕಡ್ಲೆ ಇತ್ತಾ?"

ಹೀಗೆ ಕೇಳಿ ಕೇಳಿ, ಅವನಿಗೆ ತಿಂದಾಗ ತಿಳಿಯದೇ ಇದ್ದದ್ದನ್ನೂ ಅವನ ಬಾಯಿಂದ ಹೊರಡಿಸುವಳು. ಮಾರನೆಯ ದಿನ ಅದೇ ಚಟ್ನಿ ಮನೆಯಲ್ಲಿ ತಯಾರಾಗುತ್ತಿತ್ತು. ಮೊದಲ ತುತ್ತು ಬಾಯಿಗಿಟ್ಟು ಅವಳು ಕಣ್ಣು ಮುಚ್ಚುವಳು. ಆ ಮುಖ ನೋಡಲೆಂದೇ ವೇಣು ಸ್ವಲ್ಪ ತಡೆದು ತನ್ನ ತುತ್ತು ಎತ್ತುತ್ತಿದ್ದ.

ಹೋದ ಕಾರ್ತಿಕದಲ್ಲಿ ಮುನಿಲಕ್ಷ್ಮಿಗೆ ಜ್ವರ ಬಂತು. ವಾರದಲ್ಲಿ ಜ್ವರ ಬಿಟ್ಟಿತು, ನೆಗಡಿ ಹೋಯಿತು. ವಾಸನೆ ಮಾತ್ರ ತಿರುಗಿ ಬರಲಿಲ್ಲ. ಮೂಗು ಕಟ್ಟಿರಬೇಕು ಎಂದು ಮೊದಲು ಎಲ್ಲರೂ ಅಂದುಕೊಂಡರು. ಹಬೆ ತೆಗೆದುಕೊಂಡದ್ದಾಯಿತು, ಓಂಕಾಳಿನ ಗಂಟು ಮೂಸಿದ್ದಾಯಿತು. ಕೋಲಾರದ ಡಾಕ್ಟರು ಟಾರ್ಚ್ ಬಿಟ್ಟು ನೋಡಿ, ಕೆಲವರಿಗೆ ಹೀಗಾಗುತ್ತದೆ, ಬಂದರೂ ಬರಬಹುದು, ಕಾಯಬೇಕು ಎಂದರು. ಉಪ್ಪು, ಹುಳಿ, ಖಾರ, ಸಿಹಿ ಇಷ್ಟು ನಾಲಿಗೆಗೆ ಗೊತ್ತಾಗುತ್ತಿತ್ತು. ಅದರಾಚೆಗಿನದು ಏನೂ ಇಲ್ಲ. ಕಾಫಿ ಎಂದರೆ ಬಿಸಿ ಕಹಿ, ತುಪ್ಪ ಎಂದರೆ ಜಿಡ್ಡು, ಅಷ್ಟೇ. ಎಲ್ಲವೂ ಸಪ್ಪೆ ಎನಿಸಿ ಅವಳು ಸಾರಿಗೆ ಉಪ್ಪು ಖಾರ ಸುರಿಯತೊಡಗಿದಳು. ವೇಣು ಮಾತಾಡದೆ ಮುದ್ದೆ ಅದ್ದಿ ನುಂಗುತ್ತಿದ್ದ. ಕಾಲೇಜಿಗೆ ಹೋಗುವ ಮಗಳು ರಂಜಿತ ಒಂದು ದಿನ ತಟ್ಟೆ ಸರಿಸಿ, "ಅಮ್ಮ, ಬಾಯಿಗಿಡೋಕಾಗಲ್ಲ," ಎಂದುಬಿಟ್ಟಳು. ಅಂದಿನಿಂದ ಮುನಿಲಕ್ಷ್ಮಿ ಸೌಟಿನ ತುದಿಯಲ್ಲಿ ಸಾರು ತಂದು ಮಗಳ ಅಂಗೈಗೆ ಬಿಟ್ಟು, "ನೋಡಮ್ಮ, ಸರಿಯಾ?" ಎಂದು ಕೇಳಿ ಇಳಿಸುವಳು. ತಾನು ಮಾತ್ರ ಔಷಧಿ ನುಂಗುವವರ ಹಾಗೆ ಬೇಗ ಬೇಗ ಉಂಡು ಏಳುವಳು.

ಅವರೆಕಾಯಿಯ ಕಾಲ ಬಂತು. ವೇಣು ಶ್ರೀನಿವಾಸಪುರದ ರಸ್ತೆ ಬದಿಯಲ್ಲಿ ರಾಶಿ ಹಾಕಿದ್ದ ಕಾಯಿಯ ಸೊಗಡಿಗೆ ಸೈಕಲ್ ನಿಲ್ಲಿಸಿ ಒಂದು ಚೀಲ ಕಟ್ಟಿಸಿಕೊಂಡು ಬಂದ. ಇಷ್ಟು ಗಾಢವಾದದ್ದು ಅವಳಿಗೆ ತಾಗದೆ ಇರುತ್ತದೆಯೇ ಎಂದು ಅವನ ಆಸೆ. ಮುನಿಲಕ್ಷ್ಮಿ ಒಂದು ಕಾಯನ್ನು ಮುರಿದು, ಬೆರಳಲ್ಲಿ ಉಜ್ಜಿ, ಮೂಗಿಗೆ ಒತ್ತಿ ಹಿಡಿದಳು. ವೇಣು ಅವಳ ಮುಖವನ್ನೇ ನೋಡುತ್ತಿದ್ದ. ಅವಳು ಕಾಯನ್ನು ಮೊರಕ್ಕೆ ಹಾಕಿ, "ಅಂಟು ಚೆನ್ನಾಗೈತೆ, ಎಳೇದು," ಎಂದಳು. ಮಿಕ್ಕದ್ದನ್ನೆಲ್ಲ ಬಿಡಿಸಿ, ಕಾಳು ಹಿತುಕಿ, ಸಾರು ಮಾಡಿ ಬಡಿಸಿದಳು. ಮನೆಯೆಲ್ಲ ಘಮಘಮಿಸುತ್ತಿತ್ತು. ವೇಣು ಅಂದು ಅರ್ಧಕ್ಕೇ ಎದ್ದ.

ಆಮೇಲೆ ಅವನು ಹೇಳುವುದನ್ನು ಬಿಟ್ಟ. ಭಾನುವಾರ ತಿರುಗಿ ಬಂದಾಗ ಅವಳು, "ಏನ್ ತಿಂದ್ರಿ?" ಎಂದರೆ "ಏನೋ ಒಂದು" ಎನ್ನುವನು. ಕೆಲವು ವಾರ ಕಳೆದ ಮೇಲೆ ಅವಳೂ ಕೇಳಲಿಲ್ಲ. ಮಜ್ಜಿಗೆ ಕೊಟ್ಟು ಒಳಗೆ ಹೋಗುವಳು. ವೇಣು ಇನ್ನಷ್ಟು ದೂರ ತುಳಿಯತೊಡಗಿದ. ಮುರಳಿಮೋಹನನಿಗೆ ಖುಷಿಯೋ ಖುಷಿ. ಮುನ್ನೂರು ಕಿಲೋಮೀಟರಿನ ಸವಾರಿಗೆ ಇಬ್ಬರ ಹೆಸರನ್ನೂ ಕೊಟ್ಟ. ಆದರೆ ಹೋಟೆಲಿನ ಮೂಲೆಯಲ್ಲಿ ಕೂತು ತಿನ್ನುವಾಗ ಯಾರದೋ ಕಣ್ಣು ತಪ್ಪಿಸಿ ತಿನ್ನುತ್ತಿರುವ ಹಾಗೆ ವೇಣುವಿಗೆ ಅನ್ನಿಸುತ್ತಿತ್ತು. ತುತ್ತು ಬಾಯಲ್ಲಿರುವಾಗಲೇ, ಇದನ್ನು ಅವಳಾಗಿದ್ದರೆ ಏನು ಕೇಳುತ್ತಿದ್ದಳು ಎಂದು ಮನಸ್ಸು ಮನೆಯ ಜಗಲಿಗೆ ಓಡುತ್ತಿತ್ತು.

ಯುಗಾದಿಗೆ ಮುಂಚಿನ ಒಂದು ಸೋಮವಾರ ಅವನಿಗೆ ಮಧ್ಯಾಹ್ನದ ಶಿಫ್ಟ್. ಬೆಳಿಗ್ಗೆ ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಮುನಿಲಕ್ಷ್ಮಿ ಅವನ ಸೈಕಲ್ ಅಂಗಿಯನ್ನು ಎತ್ತಿ ಹಿಡಿದು ನಿಂತಿದ್ದಳು.

"ಇಲ್ಲಿ ಬನ್ನಿ. ಇದು ಕೆಂಪು ಚಟ್ನಿ ಕಲೆ ಅಲ್ವಾ?"

ವೇಣು ನೋಡಿದ. ಎದೆಯ ಹತ್ತಿರ ತುಪ್ಪದ ಜಿಡ್ಡು, ಅದರ ನಡುವೆ ಕೆಂಪು.

"ಮುಳಬಾಗಿಲಿಗೆ ಹೋಗಿದ್ರಾ?"

"ಹೂಂ."

"ದೋಸೆ ತಿಂದ್ರಾ?"

ಅವನು ಕಲೆಯನ್ನು ಉಗುರಿನಿಂದ ಕೆರೆದ. "ನಿಂಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ ಲಕ್ಷ್ಮಿ," ಎಂದ.

"ಮೂಗು ಹೋಯ್ತು ನಂಗೆ. ಕಿವೀನೂ ಹೋಯ್ತು ಅಂದ್ಕೊಂಡ್ರಾ?" ಅವಳು ಅಂಗಿಯನ್ನು ಅವನ ಮುಂದೆ ಚಾಚಿದಳು. "ತಿನ್ನೋದಂತೂ ಆಗಲ್ಲ. ಕೇಳ್ಕೊಂಡಾದ್ರೂ ಇದ್ದೆ. ಅದನ್ನೂ ಕಿತ್ಕೊಂಡ್ರಲ್ಲ."

ವೇಣುವಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಅವಳನ್ನು ಕಾಪಾಡುತ್ತಿದ್ದೇನೆ ಎಂದುಕೊಂಡೇ ಅಷ್ಟು ತಿಂಗಳು ಬಾಯಿ ಮುಚ್ಚಿಕೊಂಡಿದ್ದ. "ಚೆನ್ನಾಗಿತ್ತು," ಎಂದು ಶುರುಮಾಡಿದ. "ಗರಿಗರಿಯಾಗಿತ್ತು. ಮತ್ತೆ... ಖಾರ ಇತ್ತು." ಅವಳು ಅಂಗಿ ಹಿಡಿದುಕೊಂಡು ಕಾದಳು. ಅವಳು ಪ್ರಶ್ನೆ ಹಾಕದಿದ್ದರೆ ತನ್ನ ಬಾಯಲ್ಲಿ ಏನೂ ಇಲ್ಲ ಎಂದು ಅವನಿಗೆ ಆಗ ತಿಳಿಯಿತು. ಸ್ವಲ್ಪ ಹೊತ್ತಿನ ಮೇಲೆ ಅವಳು ಅಂಗಿಯನ್ನು ಬಕೆಟ್ಟಿಗೆ ಹಾಕಿ ಸೋಪು ತೆಗೆದುಕೊಂಡಳು.

ಯುಗಾದಿಯ ನಂತರದ ಭಾನುವಾರ ಮುರಳಿಮೋಹನ್ ದೊಡ್ಡ ಸುತ್ತಿನ ಪ್ರಾಕ್ಟೀಸ್ ಇಟ್ಟಿದ್ದ. ಕೋಲಾರದಿಂದ ಶ್ರೀನಿವಾಸಪುರ, ಗೌನಿಪಲ್ಲಿ, ಅಲ್ಲಿಂದ ಮುಳಬಾಗಿಲಿನ ಮೇಲೆ ವಾಪಸ್ಸು. ಬೆಳಗಿನ ತಂಪಿನಲ್ಲಿ ಮಾವಿನ ತೋಪುಗಳ ನಡುವೆ ಇಬ್ಬರೂ ಸಲೀಸಾಗಿ ತುಳಿದರು. ಗೌನಿಪಲ್ಲಿ ಸೇರಿದಾಗ ವೇಣು ಬ್ರೇಕ್ ಹಾಕಿದ.

"ನೀನು ಹೋಗು. ನಾನು ಅತ್ತೆ ಮನೆಗೆ ಹೋಗಿ ಬರ್ತೀನಿ."

"ಮುನ್ನೂರು ಕಿಲೋಮೀಟರಿನ ಸವಾರಿಗೆ ಎಷ್ಟು ದಿನ ಉಳಿದೈತೆ ಗೊತ್ತಾ? ಈಗ ಹೋಗಿ ಊಟಕ್ಕೆ ಕೂತ್ಕೋತೀಯಾ?"

"ಸವಾರಿ ಮುಂದಿನ ವರ್ಷಾನೂ ಇರುತ್ತೆ ಕಣೋ, ಹೋಗು."

ಮುರಳಿಮೋಹನ್ ಒಂದು ಖರ್ಜೂರ ಬಾಯಿಗೆ ಎಸೆದುಕೊಂಡು, ತಲೆ ಕೊಡವಿ ಹೊರಟುಹೋದ.

ಅತ್ತೆ ಆವಲಮ್ಮ ತೋಟದ ಅಂಚಿನ ಮನೆಯ ಬಾಗಿಲಲ್ಲೇ ಇದ್ದಳು. "ಬನ್ನಿ ಅಳಿಯಂದ್ರೆ, ಇದೇನ್ ಹಿಂಗೆ ಬಿಸಿಲಲ್ಲಿ!" ಎಂದವಳೇ ನೀರು ಕೊಟ್ಟು, "ಪಾಪುಗೆ ವಾಸನೆ ಬಂತಾ?" ಎಂದು ಕೇಳಿದಳು. ಮಗಳಿಗೆ ಮದುವೆಗೆ ಬಂದ ಮಗಳಿದ್ದರೂ ಆವಲಮ್ಮನಿಗೆ ಅವಳಿನ್ನೂ ಪಾಪುವೇ. ವೇಣು ಇಲ್ಲವೆಂದು ತಲೆಯಾಡಿಸಿದ. ಆವಲಮ್ಮ ಇನ್ನೇನೂ ಕೇಳಲಿಲ್ಲ. ಮರದಿಂದ ಎರಡು ಕಾಯಿ ಕೀಳಿಸಿ, ಮಾಮಿಡಿಕಾಯ ಪಪ್ಪು ಮಾಡಿದಳು. ತೊಗರಿಬೇಳೆ ಮಾವಿನಕಾಯಿ ಒಟ್ಟಿಗೆ ಬೇಯಿಸಿದ ಅದು ಮುನಿಲಕ್ಷ್ಮಿ ಚಿಕ್ಕಂದಿನಿಂದ ತಿಂದು ಬೆಳೆದದ್ದು.

ತಟ್ಟೆಯ ಮುಂದೆ ಕೂತ ವೇಣು ಮೊದಲು ಫೋನ್ ಹಚ್ಚಿ, ಸ್ಪೀಕರ್ ಹಾಕಿ ನೆಲದ ಮೇಲಿಟ್ಟ.

"ಲಕ್ಷ್ಮಿ, ನಿಮ್ಮಮ್ಮನ ಮನೇಲಿದೀನಿ. ಪಪ್ಪು ಬಡಿಸವ್ರೆ. ಕೇಳು ನೀನು."

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದಾಯಿತು. ಆಮೇಲೆ ದನಿ ಬಂತು. "ಯಾವ ಮರದ ಕಾಯಿ?"

"ಬಾವಿ ಹತ್ತಿರದ್ದಂತೆ."

"ಅದು ನಾರು. ವಾಟೆ ಕಟ್ಟಿತ್ತಾ?"

ವೇಣು ತಟ್ಟೆಯಲ್ಲಿದ್ದ ಗೊರಟೆಯನ್ನು ಬೆರಳಲ್ಲಿ ಒತ್ತಿ ನೋಡಿದ. "ಇನ್ನೂ ಎಳೇದು. ಅಗಿದ್ರೆ ಕರಕ್ ಅಂತೈತೆ."

"ಮೊದ್ಲು ಏನ್ ಬಂತು ಬಾಯಿಗೆ?"

"ಬೆಳ್ಳುಳ್ಳಿ. ಜಜ್ಜಿ ಕೆಂಪಗೆ ಹುರಿದಿದ್ದು. ಆಮೇಲೆ ಹುಳಿ, ದವಡೆ ಹತ್ರ ಹಿಡಿಯುತ್ತೆ. ಆಮೇಲೆ ಬೇಳೆ ಬಂದು ಅದನ್ನ ಸಮಾಧಾನ ಮಾಡುತ್ತೆ."

ಹಾಗೆ ಹೇಳಬಲ್ಲೆ ಎಂದು ಅವನಿಗೇ ಗೊತ್ತಿರಲಿಲ್ಲ. ಆ ಕಡೆಯಿಂದ ಅವಳು ಉಸಿರೆಳೆದುಕೊಂಡದ್ದು ಕೇಳಿಸಿತು. "ಇಂಗು ಎಣ್ಣೇಲಿ ಹಾಕವ್ರಾ, ಬೇಳೇಲಿ ಹಾಕವ್ರಾ?" ಎಂದಳು. ಅದನ್ನು ಮಾತ್ರ ಆವಲಮ್ಮನೇ ಬಗ್ಗಿ ಫೋನಿಗೆ ತೆಲುಗಿನಲ್ಲಿ ಹೇಳಿದಳು. ತಾಯಿ ಮಗಳ ಮಾತು ಬೇಳೆಯಿಂದ ತೋಟಕ್ಕೆ, ತೋಟದಿಂದ ತೀರಿಹೋದ ಅಜ್ಜಿಯ ಮಣ್ಣಿನ ಮಡಕೆಗೆ ಹರಿಯಿತು. ವೇಣು ಎರಡು ಸಲ ಅನ್ನ ಹಾಕಿಸಿಕೊಂಡ. ಬಹಳ ತಿಂಗಳ ಮೇಲೆ ಅವನಿಗೆ ಊಟ ರುಚಿಸಿತ್ತು.

ಏಳುವಾಗ ಆವಲಮ್ಮ ಸ್ಟೀಲ್ ಡಬ್ಬಿಯ ತುಂಬ ಪಪ್ಪು ಹಾಕಿ, "ಅಮ್ಮನ ಕೈದು, ನಾಲಿಗೆಗೆ ಗೊತ್ತಾಗದೆ ಇರಲ್ಲ," ಎಂದು ಬಟ್ಟೆಯಲ್ಲಿ ಗಂಟು ಕಟ್ಟಿದಳು. ವೇಣು ಅದನ್ನು ಕ್ಯಾರಿಯರಿಗೆ ಬಿಗಿದ. ಮುಳಬಾಗಿಲಿನ ಸುತ್ತು ಬಿಟ್ಟು, ಬಂದ ದಾರಿಯಲ್ಲೇ ತಿರುಗಿದ. ಬಿಸಿಲು ಏರಿತ್ತು, ಬೇಳೆ ಹಳಸುವ ಮುಂಚೆ ಮನೆ ಸೇರಬೇಕು. ಎದುರುಗಾಳಿ. ಶ್ರೀನಿವಾಸಪುರದಲ್ಲಿ ವಡೆಯ ಅಂಗಡಿ ಬಂತು, ಹೋಯಿತು. ಕೋಲಾರದಲ್ಲಿ ಕಬ್ಬಿನ ಹಾಲಿನ ಗಾಡಿ ಬಂತು, ಹೋಯಿತು. ತೊಡೆ ಹಿಡಿದುಕೊಂಡರೂ ಅವನು ಕಾಲು ಕೆಳಗಿಡಲಿಲ್ಲ. ಬಂದುಬಿಡಲಿ, ಈ ಒಂದು ತುತ್ತಿಗೆ ಬಂದುಬಿಡಲಿ ಎಂದು ತುಳಿದ ಒಂದೊಂದು ಸುತ್ತಿಗೂ ಒಳಗೇ ಬೇಡಿಕೊಂಡ.

ಮನೆ ಸೇರಿದಾಗ ಮುನಿಲಕ್ಷ್ಮಿ ಆಗಲೇ ಅನ್ನ ಮಾಡಿ ಕಾಯುತ್ತಿದ್ದಳು. ಡಬ್ಬಿಯ ಮುಚ್ಚಳ ತೆಗೆದಳು. ಪಪ್ಪು ಕೆಟ್ಟಿರಲಿಲ್ಲ. ಕಲಸಿ, ಒಂದು ತುತ್ತು ಬಾಯಿಗಿಟ್ಟು, ನಿಧಾನವಾಗಿ ಅಗಿದಳು. ರಂಜಿತ, ವೇಣು ಇಬ್ಬರೂ ಎದುರಿಗೆ ನಿಂತು ನೋಡುತ್ತಿದ್ದರು.

"ಹುಳಿ ಐತೆ," ಎಂದಳು. "ಉಪ್ಪು ಸರಿಯಾಗೈತೆ. ಖಾರ ಕಮ್ಮಿ." ಇನ್ನೊಮ್ಮೆ ಅಗಿದಳು. "ಅಮ್ಮನ ಕೈದು ಅಂತ ಗೊತ್ತಾಗ್ತಿಲ್ಲ."

ವೇಣು ಗೋಡೆಗೆ ಒರಗಿ ಕುಸಿದು ಕೂತ. ಮುನಿಲಕ್ಷ್ಮಿ ಅತ್ತಳು, ಹೆಚ್ಚೇನಿಲ್ಲ, ಸೆರಗಿನಲ್ಲಿ ಒರೆಸಿಕೊಳ್ಳುವಷ್ಟು. ಆಮೇಲೆ ಇನ್ನೊಂದು ತಟ್ಟೆ ಹಾಕಿ ಅವನ ಮುಂದೆ ನೂಕಿದಳು.

"ನೀವೂ ತಿನ್ನಿ. ತಿಂದ್ಕೊಂಡು ಹೇಳಿ. ನಾನು ಅಗೀತಿರ್ತೀನಿ."

ಅವನು ಹೇಳುತ್ತ ಉಂಡ. ಅಲ್ಲಿ ಬೆಳ್ಳುಳ್ಳಿ ಮುಂದಿತ್ತು, ಈಗ ಅದು ಬೇಳೆಯೊಳಗೆ ಇಳಿದಿದೆ ಎಂದ. ಇಂಗು ಈಗ ಹೆಚ್ಚು ಎಂದ. "ಅಪ್ಪ ಸುಳ್ಳು, ಇಂಗು ಅಷ್ಟೇನಿಲ್ಲ," ಎಂದು ರಂಜಿತ ನಡುವೆ ಕೈ ಹಾಕಿ ಒಂದು ತುತ್ತು ತೆಗೆದುಕೊಂಡಳು. ಮೂವರೂ ಡಬ್ಬಿ ಖಾಲಿಯಾಗುವ ತನಕ ಅದರ ಮೇಲೆ ಜಗಳವಾಡಿದರು. ಅಷ್ಟು ತಿಂಗಳಲ್ಲಿ ಮುನಿಲಕ್ಷ್ಮಿ ಅವಸರವಿಲ್ಲದೆ ಉಂಡದ್ದು ಅವತ್ತೇ.

ಕೈ ತೊಳೆಯಲು ವೇಣು ಹಿತ್ತಲಿಗೆ ಬಂದಾಗ ಅವಳು ಹಿಂದೆಯೇ ಬಂದಳು. ಅವನ ಬಲಗೈ ಹಿಡಿದು, ನಲ್ಲಿ ತಿರುಗಿಸಲು ಬಿಡದೆ, ಬೆರಳುಗಳನ್ನು ಮೂಗಿನ ಹತ್ತಿರ ತಂದುಕೊಂಡಳು. ಬೆಳ್ಳುಳ್ಳಿ, ಎಣ್ಣೆ, ಮಾವಿನಕಾಯಿ, ದಿನವೆಲ್ಲ ಹ್ಯಾಂಡಲ್ ಹಿಡಿದ ಬೆವರು, ಎಲ್ಲ ಅಲ್ಲಿತ್ತು. ಅವಳು ಕಣ್ಣು ಮುಚ್ಚಿ ಉಸಿರೆಳೆದಳು, ಮತ್ತೊಮ್ಮೆ ಎಳೆದಳು.

"ಏನಾದ್ರೂ?" ಎಂದ ವೇಣು ಮೆಲ್ಲಗೆ.

"ಇಲ್ಲ," ಎಂದಳು. ಕೈ ಬಿಡಲಿಲ್ಲ.