ಚಪ್ಪಟೆ ಮೀನಿನ ಇನ್ನೊಂದು ಕಣ್ಣು

ಮಕ್ಕಳ ಪುಸ್ತಕಗಳ ಸಂಪಾದಕಿಯಾಗಿದ್ದಷ್ಟು ಕಾಲವೂ ಆಕೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಪ್ಪು ಹುಡುಕಿದವಳು. ನಿವೃತ್ತಿಯಾದ ಮೇಲೆ ವಾರಕ್ಕೊಮ್ಮೆ ಶಾಲೆಗೆ ಹೋಗಿ, ತಾನೇ ಹೊರತಂದ ಬಗೆಬಗೆಯ ಮೀನುಗಳ ಪುಸ್ತಕವನ್ನು ಮಕ್ಕಳಿಗೆ ಓದುತ್ತಿದ್ದಳು. ಹಾವಿನಂಥ ಮೀನು, ಚೆಂಡಿನಂತೆ ಉಬ್ಬುವ ಮೀನು, ಕುದುರೆ ಮುಖದ ಮೀನು. ಹಾಳೆ ಮಗುಚಿದಂತೆಲ್ಲ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

ಚಪ್ಪಟೆ ಮೀನಿನ ಪುಟ ಬಂದಾಗ ಮೀನು ಮಾರುವವಳ ಮಗಳು ಕಿಸಕ್ಕನೆ ನಕ್ಕಳು.

"ಅಜ್ಜೀ, ಇದರ ಇನ್ನೊಂದು ಕಣ್ಣನ್ನ ಬೆಕ್ಕು ತಿಂತಾ?"

"ಅದು ಆ ಮಗ್ಗುಲಲ್ಲಿರುತ್ತೆ ಕಣೇ, ತರಲೆ."

"ಇಲ್ಲಜ್ಜಿ! ಇದು ಮರಳಲ್ಲಿ ಮಗ್ಗುಲಾಗಿ ಮಲಗೋ ಮೀನು. ಕೆಳಗಡೆ ಕಣ್ಣಿಟ್ಕೊಂಡು ಮರಳು ಎಣಿಸುತ್ತಾ? ಎರಡೂ ಮೇಲೇ ಇರುತ್ತೆ. ನಾನು ದಿನಾ ನೋಡ್ತೀನಿ."

ಆಕೆ ಪುಟವನ್ನು ಕಣ್ಣ ಹತ್ತಿರ ಹಿಡಿದಳು. ಮೀನು ಮಾರುಕಟ್ಟೆಯ ಮಂಜುಗಡ್ಡೆ ಪೆಟ್ಟಿಗೆಗಳ ನಡುವೆ ಕೂತು ಆ ಪುಸ್ತಕದ ಚಿತ್ರಕಾರ ಬರೆದುಕೊಟ್ಟಿದ್ದೂ ಎರಡು ಕಣ್ಣನ್ನೇ. ಅಚ್ಚಿಗೆ ಹೋಗುವ ದಿನ, ಪಾಪ, ಕೈತಪ್ಪಿದೆ ಎಂದುಕೊಂಡು ಆಕೆಯೇ ಒಂದರ ಮೇಲೆ ಕಂದು ಬಣ್ಣ ಬಳಿದಿದ್ದಳು. ಒಂದು ಫೋನ್ ಮಾಡಿ ಕೇಳಿರಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟವಂತೆ, ಆತುರಗಾರ್ತಿಗೂ ಅಷ್ಟೇ. ಆತ ಆ ಬಗ್ಗೆ ಎಂದೂ ಚಕಾರವೆತ್ತಿರಲಿಲ್ಲ.

ಕ್ಷಮೆ ಕೇಳಲೆಂದು ಸಂಜೆಯೇ ಆತನ ಮನೆಗೆ ಹೋದಳು. ಬಾಗಿಲು ತೆರೆದ ಹೆಂಡತಿ, "ಅವರು ಹೋಗಿ ಎರಡು ವರ್ಷ ಆಯ್ತಲ್ಲಮ್ಮ" ಎಂದರು.

ಆಕೆ ತಡವರಿಸುತ್ತಾ ಕಣ್ಣಿನ ವಿಷಯ ಹೇಳಿದಳು. ಆ ಹೆಂಗಸು ಬೇಸರಪಟ್ಟುಕೊಳ್ಳಲಿಲ್ಲ. ಕುರ್ಚಿ ಎಳೆದು ಕೂರಿಸಿ, ನೀರು ಕೊಟ್ಟು, ಒಳಗಿನಿಂದ ಒಂದು ಕಟ್ಟು ಕಾಗದ ತಂದರು.

"ಒಂದೇ ಕಣ್ಣು ಯಾಕೆ ಅಂತ ಮಕ್ಕಳು ಬರೀತಾನೇ ಇದ್ರು. ಇವರು ಒಬ್ಬೊಬ್ಬರಿಗೂ ಎರಡು ಕಣ್ಣಿನ ಮೀನು ಬರೆದು ಕಳಿಸೋರು. 'ತಪ್ಪು ನಂದು ಮಗು, ಆವತ್ತು ನನ್ನ ಕುಂಚ ತೂಕಡಿಸ್ತಿತ್ತು' ಅಂತ. ನಿಜ ಹೇಳಬಾರದಾ ಅಂದ್ರೆ, 'ಅಕ್ಕ ನೊಂದ್ಕೋತಾರೆ, ಸುಮ್ನಿರು' ಅನ್ನೋರು."

ಕಟ್ಟಿನ ಕೊನೆಯ ಕಾಗದಕ್ಕೆ ಉತ್ತರ ಹೋಗಿರಲಿಲ್ಲ. ಅದು ಬಂದಾಗ ಆತ ಆಸ್ಪತ್ರೆಯಲ್ಲಿದ್ದ.

ಆಕೆ ಅದನ್ನು ಕೇಳಿ ಪಡೆದು ಮನೆಗೆ ತಂದಳು. ಕನ್ನಡಕ ಒರೆಸಿಕೊಂಡು ಬರೆದಳು: "ಮಗು, ಚಿತ್ರಕಾರರದು ಏನೂ ತಪ್ಪಿಲ್ಲ. ಆ ಕಣ್ಣು ಮುಚ್ಚಿದವಳು ನಾನು."

ಕೆಳಗೊಂದು ಮೀನು ಬರೆದಳು. ಕಣ್ಣುಗಳೇನೋ ಎರಡೂ ಮೇಲೇ ಬಂದವು. ಆದರೆ ಅದು ಆತನ ಮೀನಿನ ಹಾಗೆ ನೋಡುತ್ತಿರಲಿಲ್ಲ.